ಬ್ರೌಸರ್ ಪಾಪ್-ಅಪ್ ಕಾಟ, ಹಳೇ ಕಂಪ್ಯೂಟರ್‌ನ ನಿಧಾನ: ಯಾವುದಕ್ಕೆ ಯಾವ ದಾರಿ?

ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡವರ ದೂರು ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. "ಬ್ರೌಸರ್ ತೆಗೆದ್ರೆ ಸಾಕು, ಏನೇನೋ ಜಾಹೀರಾತು ಬರುತ್ತೆ. ಸಿಸ್ಟಮ್ಮೂ ತುಂಬಾ ಸ್ಲೋ. ವೈರಸ್ ಬಂದಿದೆ ಅನ್ಸುತ್ತೆ." ಮೂರು ಮಾತನ್ನೂ ಒಂದೇ ಉಸಿರಿಗೆ ಹೇಳುವುದರಿಂದ ಮೂರಕ್ಕೂ ಒಂದೇ ಪರಿಹಾರ ಇದೆ ಅನ್ನಿಸಿಬಿಡುತ್ತದೆ. ದುಡ್ಡು ಪೋಲಾಗುವುದು ಅಲ್ಲೇ. ಒಬ್ಬರು ದುಡ್ಡು ಕೊಟ್ಟು ಆಂಟಿವೈರಸ್ ಹಾಕಿಸುತ್ತಾರೆ, ಕಂಪ್ಯೂಟರ್ ಇನ್ನಷ್ಟು ನಿಧಾನ ಆಗುತ್ತದೆ. ಇನ್ನೊಬ್ಬರು ಫಾರ್ಮ್ಯಾಟ್ ಮಾಡಿಸುತ್ತಾರೆ. ಅದೇ ಗೂಗಲ್ ಅಕೌಂಟಿನಿಂದ ಕ್ರೋಮ್‌ಗೆ ಲಾಗಿನ್ ಆದ ಕೂಡಲೇ ಹಳೇ ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಸೇರಿಸಿಕೊಂಡ ಪುಟ್ಟ ಸಾಫ್ಟ್‌ವೇರ್) ಸಿಂಕ್ ಆಗಿ, ಜಾಹೀರಾತೂ ವಾಪಸ್ ಬರುತ್ತದೆ.

ಪಾಪ್-ಅಪ್ ಬೇರೆ ತೊಂದರೆ, ನಿಧಾನ ಬೇರೆ ತೊಂದರೆ. ಪಾಪ್-ಅಪ್ ಹೆಚ್ಚಿನ ಸಲ ಒಂದು ರೂಪಾಯಿ ಖರ್ಚಿಲ್ಲದೆ ಹೋಗುತ್ತದೆ. ನಿಧಾನಕ್ಕೆ ಕಾರಣ ಹೆಚ್ಚಿನ ಸಲ ಹಾರ್ಡ್ ಡಿಸ್ಕ್. ಅದಕ್ಕೆ ದುಡ್ಡು ಬೇಕಾಗುತ್ತದೆ, ಆದರೆ ಆ ದುಡ್ಡು ಸಾಫ್ಟ್‌ವೇರಿಗೆ ಹೋಗಬಾರದು. ಯಾವ ಲಕ್ಷಣಕ್ಕೆ ಯಾವ ಆಯ್ಕೆ ಸರಿ ಅಂತ ಒಂದೊಂದಾಗಿ ನೋಡೋಣ.

ಮೊದಲು ಪಾಪ್-ಅಪ್ ಎಲ್ಲಿಂದ ಬರುತ್ತಿದೆ ನೋಡಿ

1990ರ ದಶಕದಲ್ಲಿ ಟ್ರೈಪಾಡ್ ಅನ್ನುವ ಕಂಪನಿಯಲ್ಲಿದ್ದಾಗ ಪಾಪ್-ಅಪ್ ಜಾಹೀರಾತಿಗೆ ಕೋಡ್ ಬರೆದ ಈಥನ್ ಜುಕರ್‌ಮನ್ 2014ರಲ್ಲಿ ಅದಕ್ಕಾಗಿ ಬಹಿರಂಗವಾಗಿ ಕ್ಷಮೆ ಕೇಳಿದರು. ಅವರ ಕಾಲದ ಪಾಪ್-ಅಪ್ ಅಂದರೆ ತಾನಾಗಿ ತೆರೆದುಕೊಳ್ಳುವ ಇನ್ನೊಂದು ಕಿಟಕಿ. ಅದನ್ನು ಬ್ರೌಸರ್‌ಗಳೇ ತಡೆಯಲು ಶುರು ಮಾಡಿ ಬಹಳ ಕಾಲವಾಯಿತು. 2004ರಲ್ಲಿ ವಿಂಡೋಸ್ ಎಕ್ಸ್‌ಪಿಯ ಸರ್ವೀಸ್ ಪ್ಯಾಕ್ 2 ಬಂದಾಗ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೂ ಪಾಪ್-ಅಪ್ ಬ್ಲಾಕರ್ ಸೇರಿತು. ಆ ಬಾಗಿಲು ಮುಚ್ಚಿದ ಮೇಲೆ ಜಾಹೀರಾತಿನವರು ಬೇರೆ ಬಾಗಿಲು ಹುಡುಕಿಕೊಂಡರು. ಇವತ್ತು ಜನ ಪಾಪ್-ಅಪ್ ಅಂತ ಕರೆಯುವುದರಲ್ಲಿ ಬಹುಪಾಲು ಆ ಹಳೇ ಕಿಟಕಿಯೇ ಅಲ್ಲ.

ನಿಮ್ಮ ಪರದೆಯಲ್ಲಿ ಅದು ಎಲ್ಲಿ ಕಾಣಿಸುತ್ತದೆ ಅಂತ ಸ್ವಲ್ಪ ಗಮನಿಸಿ. ಬಲಗಡೆ ಕೆಳಮೂಲೆಯಲ್ಲಿ, ಗಡಿಯಾರದ ಮೇಲೆ, ಚಿಕ್ಕ ಚೌಕದಲ್ಲಿ ಬರುತ್ತಿದೆಯಾ? "ನಿಮ್ಮ ಕಂಪ್ಯೂಟರ್‌ನಲ್ಲಿ 5 ವೈರಸ್ ಸಿಕ್ಕಿವೆ, ಈಗಲೇ ಕ್ಲೀನ್ ಮಾಡಿ" ಅಂತ ಕೆಂಪು ಗುರುತಿನ ಜೊತೆ ಹೇಳುತ್ತಿದೆಯಾ? ಮುಚ್ಚುವ ಮೊದಲು ಅದರಲ್ಲಿರುವ ಸಣ್ಣ ಅಕ್ಷರ ಓದಿ. ಗೂಗಲ್ ಕ್ರೋಮ್ ಅಥವಾ ಎಡ್ಜ್ ಅಂತ ಬ್ರೌಸರಿನ ಹೆಸರು ಇರುತ್ತದೆ. ಪಕ್ಕದಲ್ಲಿ ನೀವು ಕೇಳೇ ಇಲ್ಲದ ಯಾವುದೋ ಸೈಟಿನ ವಿಳಾಸ ಇರುತ್ತದೆ. ಹಾಗಿದ್ದರೆ ಅದು ವೈರಸ್ ಅಲ್ಲ, ಬ್ರೌಸರ್ ನೋಟಿಫಿಕೇಶನ್. ಯಾವತ್ತೋ ಸಿನಿಮಾ ಡೌನ್‌ಲೋಡ್ ಮಾಡುವ ಸೈಟಿನಲ್ಲೋ, ಕ್ರಿಕೆಟ್ ಲೈವ್ ತೋರಿಸುವ ಸೈಟಿನಲ್ಲೋ "ನೀವು ರೋಬೋಟ್ ಅಲ್ಲ ಅಂತ ತೋರಿಸಲು ಅಲೋ ಒತ್ತಿ" ಅಂದಿರುತ್ತದೆ. ಒತ್ತಿರುತ್ತೀರಿ. ಅವತ್ತಿನಿಂದ ಆ ಸೈಟಿಗೆ ನಿಮ್ಮ ಮೂಲೆಯಲ್ಲಿ ಏನು ಬೇಕಾದರೂ ತೋರಿಸುವ ಅನುಮತಿ ಸಿಕ್ಕಿರುತ್ತದೆ. ಕ್ರೋಮ್ ಮುಚ್ಚಿದರೂ ಅದು ಹಿನ್ನೆಲೆಯಲ್ಲಿ ಓಡುವ ಹಾಗೆ ಸೆಟ್ಟಿಂಗ್ ಇದ್ದರೆ, ಬ್ರೌಸರ್ ತೆರೆಯದೆ ಇದ್ದಾಗಲೂ ಬರುತ್ತದೆ. ಜನ ವೈರಸ್ ಅಂತ ಹೆದರುವುದು ಇದಕ್ಕೇ.

ಇದಕ್ಕೆ ಯಾವ ಸಾಫ್ಟ್‌ವೇರೂ ಬೇಡ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ಪ್ರೈವಸಿ ಅಂಡ್ ಸೆಕ್ಯುರಿಟಿ, ಅಲ್ಲಿ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್. ಅನುಮತಿ ಪಡೆದ ಸೈಟುಗಳ ಪಟ್ಟಿ ಅಲ್ಲಿ ಸಿಗುತ್ತದೆ. ಗೊತ್ತಿಲ್ಲದ ಹೆಸರಿನ ಪಕ್ಕದ ಮೂರು ಚುಕ್ಕಿ ಒತ್ತಿ ಬ್ಲಾಕ್ ಮಾಡಿ. ರಿಮೂವ್ ಮಾಡಿದರೆ ಆ ಸೈಟು ಮುಂದೆ ಮತ್ತೆ ಕೇಳಬಹುದು, ಬ್ಲಾಕ್ ಮಾಡಿದರೆ ಕೇಳುವುದಿಲ್ಲ. ಅದೇ ಪುಟದ ಮೇಲ್ಭಾಗದಲ್ಲಿ, ಯಾವ ಸೈಟೂ ನೋಟಿಫಿಕೇಶನ್ ಕಳಿಸದಂತೆ ಮಾಡುವ ಆಯ್ಕೆಯೂ ಇದೆ. ಮನೆಯ ಹಿರಿಯರು ಬಳಸುವ ಕಂಪ್ಯೂಟರ್ ಆದರೆ ಕಣ್ಣು ಮುಚ್ಚಿ ಅದನ್ನೇ ಆರಿಸಿ. ಎಡ್ಜ್‌ನಲ್ಲಿ ಮೆನು ಆಗಾಗ ಜಾಗ ಬದಲಿಸುತ್ತದೆ. ಸೆಟ್ಟಿಂಗ್ಸ್‌ನ ಹುಡುಕು ಪೆಟ್ಟಿಗೆಯಲ್ಲಿ ನೋಟಿಫಿಕೇಶನ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಸಿಗುತ್ತದೆ. ಫೈರ್‌ಫಾಕ್ಸ್‌ನಲ್ಲಿ ಪ್ರೈವಸಿ ವಿಭಾಗದ ಕೆಳಗೆ ಪರ್ಮಿಷನ್ಸ್ ಅಂತ ಇದೆ, ಅಲ್ಲಿ ಹೊಸ ಕೋರಿಕೆಗಳನ್ನೇ ತಡೆಯುವ ಟಿಕ್ ಬಾಕ್ಸ್ ಕೂಡ ಇದೆ.

ಎರಡನೇ ಬಗೆ: ಯಾವ ಸೈಟಿಗೆ ಹೋದರೂ ಜಾಹೀರಾತು, ಹುಡುಕಿದರೆ ಗೂಗಲ್ ಬದಲು ಇನ್ಯಾವುದೋ ಸರ್ಚ್ ಪುಟ, ಹೋಮ್ ಪೇಜ್ ತಾನಾಗಿ ಬದಲಾಗಿದೆ. ಇದು ಎಕ್ಸ್‌ಟೆನ್ಷನ್ ಕೆಲಸ. ಪಿಡಿಎಫ್ ಕನ್ವರ್ಟರ್, ವಿಡಿಯೋ ಡೌನ್‌ಲೋಡರ್, ಕೂಪನ್ ಹುಡುಕುವವು, ಇಂಥ ಹೆಸರಲ್ಲಿ ಒಳಗೆ ಬಂದಿರುತ್ತದೆ. ಎಕ್ಸ್‌ಟೆನ್ಷನ್ ಪಟ್ಟಿ ತೆರೆದು ನೀವೇ ಹಾಕಿದ ನೆನಪಿಲ್ಲದ್ದನ್ನೆಲ್ಲ ತೆಗೆಯಿರಿ. ತೆಗೆಯಲು ಬಿಡುತ್ತಿಲ್ಲವಾ? ಮನೆಯ ಕಂಪ್ಯೂಟರ್‌ನಲ್ಲೂ ಕ್ರೋಮ್ ಮೆನುವಿನ ಕೊನೆಯಲ್ಲಿ "ನಿಮ್ಮ ಸಂಸ್ಥೆ ಇದನ್ನು ನಿರ್ವಹಿಸುತ್ತಿದೆ" ಅನ್ನುವ ಅರ್ಥದ ಸಾಲು ಇಂಗ್ಲಿಷಿನಲ್ಲಿ ಕಾಣುತ್ತಿದೆಯಾ? ಕೆಲವು ಆಂಟಿವೈರಸ್‌ಗಳೂ ಆ ಸಾಲು ತರಿಸುತ್ತವೆ. ಆದರೆ ಎಕ್ಸ್‌ಟೆನ್ಷನ್ ತೆಗೆಯಲೂ ಆಗದೆ, ಆ ಸಾಲೂ ಇದ್ದರೆ ಆಡ್‌ವೇರ್, ಅಂದರೆ ಜಾಹೀರಾತು ತೋರಿಸಲೆಂದೇ ನುಸುಳುವ ಸಾಫ್ಟ್‌ವೇರ್, ವಿಂಡೋಸ್ ಒಳಗೇ ಕೂತಿದೆ ಅಂತ ಲೆಕ್ಕ.

ಮೂರನೆಯದು ಅಪಾಯದ್ದು. ಪೂರ್ತಿ ಪರದೆ ತುಂಬಿಕೊಂಡು, ಸೈರನ್ ಥರ ಶಬ್ದ ಮಾಡುತ್ತಾ, "ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಈ ಮೈಕ್ರೋಸಾಫ್ಟ್ ನಂಬರಿಗೆ ಕರೆ ಮಾಡಿ" ಅನ್ನುತ್ತದೆ. ಮೈಕ್ರೋಸಾಫ್ಟ್‌ನ ಅಸಲಿ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಅದೊಂದು ಗುರುತು ಸಾಕು. ಎಸ್ಕೇಪ್ ಕೀ ಒತ್ತಿ ಹಿಡಿಯಿರಿ, ಇಲ್ಲವೇ ಎಫ್11 ಒತ್ತಿ. ಆಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೆದು ಬ್ರೌಸರನ್ನು ಎಂಡ್ ಟಾಸ್ಕ್ ಮಾಡಿ. ಮತ್ತೆ ತೆರೆದಾಗ ಹಳೇ ಟ್ಯಾಬ್ ರಿಸ್ಟೋರ್ ಮಾಡಲೇ ಅಂತ ಕೇಳಿದರೆ ಬೇಡ ಅನ್ನಿ. ಯಾರಾದರೂ ಆಗಲೇ ಕರೆ ಮಾಡಿ, ದೂರದಿಂದ ಕಂಪ್ಯೂಟರ್ ನೋಡುವ ಆ್ಯಪ್ ಹಾಕಿಸಿಕೊಂಡು, ದುಡ್ಡನ್ನೂ ಕಳಿಸಿದ್ದರೆ ಮೊದಲು ಇಂಟರ್ನೆಟ್ ಕಿತ್ತುಹಾಕಿ. ತಕ್ಷಣ ಸೈಬರ್ ವಂಚನೆ ದೂರಿನ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯುವ ಅವಕಾಶ ಜಾಸ್ತಿ.

ಇನ್ನು ವಿಂಡೋಸ್ ತಾನೇ ಕೊಡುವ ಸಲಹೆಗಳು, ಲ್ಯಾಪ್‌ಟಾಪ್ ಜೊತೆ ಬಂದ ಟ್ರಯಲ್ ಆಂಟಿವೈರಸ್‌ನ "ಅವಧಿ ಮುಗಿದಿದೆ" ಗೋಳು. ಮೊದಲನೆಯದನ್ನು ಸಿಸ್ಟಮ್ ನೋಟಿಫಿಕೇಶನ್ ಸೆಟ್ಟಿಂಗ್‌ನಲ್ಲಿ ಟಿಪ್ಸ್, ಸಜೆಷನ್ಸ್ ಅಂತ ಇರುವ ಕಡೆ ಆಫ್ ಮಾಡಿ. ಎರಡನೆಯದನ್ನು ಅನ್‌ಇನ್‌ಸ್ಟಾಲ್ ಮಾಡಿ. ವಿಂಡೋಸ್‌ನಲ್ಲೇ ಇರುವ ಆಂಟಿವೈರಸ್ ಡಿಫೆಂಡರ್ ತಾನಾಗಿ ಆನ್ ಆಗುತ್ತದೆ.

ಆಡ್ ಬ್ಲಾಕರ್: ಯಾವುದು ಹಾಕಬೇಕು?

ಪುಟದೊಳಗೇ ಬರುವ ಜಾಹೀರಾತಿಗೆ, ಎಲ್ಲಿ ಒತ್ತಿದರೂ ಹೊಸ ಟ್ಯಾಬ್ ತೆರೆಯುವ ಸೈಟುಗಳಿಗೆ ಆಡ್ ಬ್ಲಾಕರ್ ಬೇಕು. ಹಳೇ ಕಂಪ್ಯೂಟರ್‌ಗೆ ಇದರಿಂದ ಎರಡನೇ ಲಾಭವೂ ಇದೆ. ಜಾಹೀರಾತು ಇಳಿಯದೆ ಇದ್ದರೆ ಅದನ್ನು ಓಡಿಸಲು ಪ್ರೊಸೆಸರ್ ಬೇಡ, ರ‍್ಯಾಮೂ ಬೇಡ. ಸುದ್ದಿ ಸೈಟು ತೆರೆದಾಗ ಫ್ಯಾನ್ ಕಿರುಚುವ ಲ್ಯಾಪ್‌ಟಾಪ್‌ನಲ್ಲಿ ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ.

ನನ್ನ ಮೊದಲ ಆಯ್ಕೆ ಫೈರ್‌ಫಾಕ್ಸ್ ಮತ್ತು ಅದರಲ್ಲಿ ಯುಬ್ಲಾಕ್ ಆರಿಜಿನ್. ರೇಮಂಡ್ ಹಿಲ್ ಶುರು ಮಾಡಿದ ಇದು ಪೂರ್ತಿ ಉಚಿತ, ದೇಣಿಗೆಯನ್ನೂ ಕೇಳುವುದಿಲ್ಲ. ಮೊದಲು ಕ್ರೋಮ್‌ನಲ್ಲೂ ಇತ್ತು. ಎಕ್ಸ್‌ಟೆನ್ಷನ್‌ಗಳ ನಿಯಮವನ್ನು ಗೂಗಲ್ ಬದಲಿಸಿದ ಮೇಲೆ, 2025ರ ಹೊತ್ತಿಗೆ ಕ್ರೋಮ್‌ನಲ್ಲಿ ಅದು ನಿಂತುಹೋಯಿತು. ಈಗ ಅಲ್ಲಿ ಸಿಗುವುದು ಅದರ ತಮ್ಮ, ಯುಬ್ಲಾಕ್ ಆರಿಜಿನ್ ಲೈಟ್. ಲೈಟ್‌ಗೆ ಬೇಕಾದಂತೆ ಫಿಲ್ಟರ್ ತಿದ್ದಿಕೊಳ್ಳುವ ಸೌಲಭ್ಯ ಕಡಿಮೆ, ಹಟಮಾರಿ ಸೈಟುಗಳ ಮುಂದೆ ಕೆಲವೊಮ್ಮೆ ಸೋಲುತ್ತದೆ. ಆದರೆ ಹಗುರ, ಮತ್ತು ದಿನನಿತ್ಯದ ಓದಿಗೆ ಸಾಕು. ಕ್ರೋಮ್ ಬಿಡಲು ಆಗುವುದೇ ಇಲ್ಲ ಅನ್ನುವವರು ಲೈಟ್ ಹಾಕಿಕೊಳ್ಳಿ.

ಬ್ರೇವ್ ಬ್ರೌಸರ್ ಮೂರನೇ ದಾರಿ. ಕ್ರೋಮ್‌ನ ಅಡಿಪಾಯವೇ, ಆದರೆ ಬ್ಲಾಕರ್ ಒಳಗೇ ಇದೆ. ಏನನ್ನೂ ಹಾಕಬೇಕಾಗಿಲ್ಲ. ಅಪ್ಪ ಅಮ್ಮನ ಕಂಪ್ಯೂಟರ್‌ಗೆ ಇದು ಸುಲಭ. ಕ್ರಿಪ್ಟೋ ವ್ಯಾಲೆಟ್, ರಿವಾರ್ಡ್ಸ್ ಅಂತ ಬೇಡದ ಗುಂಡಿಗಳೂ ಜೊತೆಗೆ ಬರುತ್ತವೆ, ಅವನ್ನು ಒಮ್ಮೆ ಮರೆಮಾಡಿ ಕೊಟ್ಟರೆ ಮುಗಿಯಿತು. ಆಡ್‌ಬ್ಲಾಕ್ ಪ್ಲಸ್ ಹಳೇ ಹೆಸರು. ಅದು 2011ರಿಂದ "ಒಪ್ಪಬಹುದಾದ ಜಾಹೀರಾತು" ಅಂತ ಕೆಲವನ್ನು ತಾನಾಗೇ ಬಿಡುತ್ತದೆ, ಸೆಟ್ಟಿಂಗ್‌ನಲ್ಲಿ ಆಫ್ ಮಾಡಬಹುದು. ಅಷ್ಟು ಮಾಡುವ ಬದಲು ಯುಬ್ಲಾಕ್ ಹಾಕುವುದೇ ಮೇಲು ಅನ್ನುವುದು ನನ್ನ ಅಭಿಪ್ರಾಯ.

ಡಿಎನ್‌ಎಸ್, ಅಂದರೆ ಸೈಟಿನ ಹೆಸರಿನಿಂದ ಅದರ ಇಂಟರ್ನೆಟ್ ವಿಳಾಸ ಹುಡುಕಿಕೊಡುವ ಸೇವೆ, ಅದನ್ನು ಬದಲಿಸಿ ಜಾಹೀರಾತು ತಡೆಯುವ ದಾರಿಯೂ ಇದೆ. ಆಡ್‌ಗಾರ್ಡ್‌ನ ಉಚಿತ ಡಿಎನ್‌ಎಸ್ ವಿಳಾಸ 94.140.14.14 ಮತ್ತು 94.140.15.15. ಇದನ್ನು ರೌಟರ್‌ನಲ್ಲೇ ಹಾಕಿದರೆ ಮನೆಯ ಫೋನ್, ಟಿವಿಗೂ ಅನ್ವಯ ಆಗುತ್ತದೆ. ಯೂಟ್ಯೂಬ್ ಜಾಹೀರಾತು ಇದರಿಂದ ಹೋಗುವುದಿಲ್ಲ, ಯಾಕೆಂದರೆ ಅದು ವಿಡಿಯೋ ಬರುವ ಜಾಗದಿಂದಲೇ ಬರುತ್ತದೆ. ತೀರಾ ಕಡಿಮೆ ರ‍್ಯಾಮ್ ಇರುವ ಕಂಪ್ಯೂಟರ್‌ಗೆ ಎಕ್ಸ್‌ಟೆನ್ಷನ್ನೂ ಭಾರ ಅನ್ನಿಸಿದರೆ ಇದು ಒಳ್ಳೇ ಆಯ್ಕೆ.

ಯಾವುದೇ ಬ್ಲಾಕರ್ ಹಾಕುವಾಗ ಒಂದು ಎಚ್ಚರಿಕೆ. ಹೆಸರು ಕದ್ದ ನಕಲಿಗಳು ತುಂಬಾ ಇವೆ. ಗೂಗಲ್‌ನಲ್ಲಿ ಹುಡುಕಿ ಮೊದಲು ಕಂಡ ಜಾಹೀರಾತಿನ ಕೊಂಡಿ ಒತ್ತಬೇಡಿ. ಬ್ರೌಸರಿನ ಸ್ವಂತ ಸ್ಟೋರ್ ತೆರೆದು, ಮಾಡಿದವರ ಹೆಸರು ನೋಡಿ ಹಾಕಿ. ಬ್ಯಾಂಕಿನ ಅಥವಾ ಸರ್ಕಾರಿ ಸೈಟಿನಲ್ಲಿ ಫಾರ್ಮ್ ತೆರೆಯದಿದ್ದರೆ ಆ ಸೈಟಿಗೆ ಮಾತ್ರ ಬ್ಲಾಕರ್ ಆಫ್ ಮಾಡಿ ನೋಡಿ. ಅಂಥ ಕೆಲವು ಸೈಟುಗಳು ಈಗಲೂ ರಸೀದಿಯನ್ನು ಹಳೇ ಥರದ ಪಾಪ್-ಅಪ್ ಕಿಟಕಿಯಲ್ಲೇ ಕೊಡುತ್ತವೆ.

ಕ್ಲೀನ್ ಮಾಡುವ ಸಾಫ್ಟ್‌ವೇರ್: ಎರಡು ಸಾಕು

ಎಕ್ಸ್‌ಟೆನ್ಷನ್ ತೆಗೆದರೂ ಕಾಟ ಹೋಗದಿದ್ದರೆ ಆಡ್‌ಕ್ಲೀನರ್ (AdwCleaner) ಬಳಸಿ. ಮಾಲ್‌ವೇರ್‌ಬೈಟ್ಸ್ ಕಂಪನಿಯದು, ಉಚಿತ, ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ಅವರ ಸೈಟಿನಿಂದಲೇ ಇಳಿಸಿ, ಸ್ಕ್ಯಾನ್ ಮಾಡಿ, ಸಿಕ್ಕಿದ್ದನ್ನು ಕ್ವಾರಂಟೈನ್ ಮಾಡಿ, ರೀಸ್ಟಾರ್ಟ್ ಮಾಡಿ. ಬ್ರೌಸರ್ ಹೈಜಾಕರ್, ಟೂಲ್‌ಬಾರ್, ಕ್ರ್ಯಾಕ್ ಸಾಫ್ಟ್‌ವೇರ್ ಜೊತೆ ನುಸುಳಿದ ಆಡ್‌ವೇರ್ ಹುಡುಕುವುದರಲ್ಲಿ ಇದು ಪಳಗಿದೆ. ಆಮೇಲೆ ಡಿಫೆಂಡರ್‌ನಲ್ಲಿ ಆಫ್‌ಲೈನ್ ಸ್ಕ್ಯಾನ್ ಒಮ್ಮೆ ಓಡಿಸಿ. ವಿಂಡೋಸ್ ಏಳುವ ಮೊದಲೇ ಅದು ಹುಡುಕುವುದರಿಂದ ಅಡಗಿ ಕೂತವೂ ಸಿಗುತ್ತವೆ. ವಿಂಡೋಸ್ ಸೆಕ್ಯುರಿಟಿಯ ಆ್ಯಪ್ ಅಂಡ್ ಬ್ರೌಸರ್ ಕಂಟ್ರೋಲ್ ವಿಭಾಗದಲ್ಲಿ, ಬೇಡದ ಆ್ಯಪ್‌ಗಳನ್ನು ತಡೆಯುವ ಗುಂಡಿ ಆನ್ ಇದೆಯಾ ನೋಡಿ. ಕೊನೆಗೆ ಬ್ರೌಸರ್ ರಿಸೆಟ್. ಬುಕ್‌ಮಾರ್ಕ್, ಪಾಸ್‌ವರ್ಡ್ ಹಾಗೇ ಉಳಿಯುತ್ತವೆ, ಹೆದರಬೇಡಿ.

ದುಡ್ಡು ಕೊಡುವ ಆಂಟಿವೈರಸ್ ಬೇಕಾ? ಮನೆಯಲ್ಲಿ ಒಬ್ಬಿಬ್ಬರು ಬಳಸುವ, ಅಪ್‌ಡೇಟ್ ಆಗುತ್ತಿರುವ ವಿಂಡೋಸ್‌ಗೆ ಡಿಫೆಂಡರ್ ಸಾಕು. ಹತ್ತಾರು ಜನರ ಪೆನ್‌ಡ್ರೈವ್ ಚುಚ್ಚುವ ಜೆರಾಕ್ಸ್ ಅಂಗಡಿ, ಸೈಬರ್ ಸೆಂಟರ್ ಆದರೆ ಮಾತು ಬೇರೆ, ಅಲ್ಲಿ ಖರೀದಿಸುವುದಕ್ಕೆ ಅರ್ಥ ಇದೆ. ಆದರೆ 4 ಜಿಬಿ ರ‍್ಯಾಮ್, ಹಳೇ ಹಾರ್ಡ್ ಡಿಸ್ಕ್ ಇರುವ ಕಂಪ್ಯೂಟರ್‌ಗೆ ಭಾರದ ಆಂಟಿವೈರಸ್ ಹಾಕಿದರೆ ಬರೀ ಸ್ಕ್ಯಾನ್ ಓಡುತ್ತಲೇ ಇರುತ್ತದೆ. ಎರಡು ಆಂಟಿವೈರಸ್ ಅಂತೂ ಯಾವತ್ತೂ ಬೇಡ.

ಪಿಸಿ ಬೂಸ್ಟರ್, ರಿಜಿಸ್ಟ್ರಿ ಕ್ಲೀನರ್, ಡ್ರೈವರ್ ಅಪ್‌ಡೇಟರ್. ಇವುಗಳನ್ನು ಹೋಲಿಸಿ ಒಳ್ಳೇದು ಆರಿಸಿ ಅಂತ ನಾನು ಹೇಳುವುದಿಲ್ಲ. ಯಾವುದೂ ಬೇಡ. ಉಚಿತವಾಗಿ ಸ್ಕ್ಯಾನ್ ಮಾಡಿ "1,200 ದೋಷ ಸಿಕ್ಕಿದೆ" ಅಂತ ಹೆದರಿಸುತ್ತವೆ, ಸರಿಪಡಿಸಲು ದುಡ್ಡು ಕೇಳುತ್ತವೆ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಉಳಿದ ಹಳೇ ಸಾಲುಗಳಿಂದ ಕಂಪ್ಯೂಟರ್ ನಿಧಾನ ಆಗುವುದಿಲ್ಲ. ಅದನ್ನು ಅಳಿಸಿದರೆ ವೇಗವೂ ಆಗುವುದಿಲ್ಲ, ಬೇಕಾದ ಸಾಲು ಅಳಿದುಹೋದರೆ ಮಾತ್ರ ತೊಂದರೆ ಆಗುತ್ತದೆ. ರಿಜಿಸ್ಟ್ರಿ ಕ್ಲೀನರ್ ಬಳಕೆಯನ್ನು ತಾನು ಬೆಂಬಲಿಸುವುದಿಲ್ಲ ಅಂತ ಮೈಕ್ರೋಸಾಫ್ಟೇ ಹೇಳಿದೆ. ಹೆಸರುವಾಸಿ ಸಿಕ್ಲೀನರ್ ಕೂಡ 2017ರಲ್ಲಿ ಹ್ಯಾಕರ್‌ಗಳ ಕೈಗೆ ಸಿಕ್ಕಿ, ಅಧಿಕೃತ ಡೌನ್‌ಲೋಡ್‌ನಲ್ಲೇ ಮಾಲ್‌ವೇರ್ ಸೇರಿಕೊಂಡು, 22 ಲಕ್ಷಕ್ಕೂ ಜಾಸ್ತಿ ಕಂಪ್ಯೂಟರ್‌ಗಳಿಗೆ ಹೋಗಿತ್ತು. ಜಾಗ ಖಾಲಿ ಮಾಡಲು ವಿಂಡೋಸ್‌ನಲ್ಲೇ ಇರುವ ಸ್ಟೋರೇಜ್ ಸೆನ್ಸ್ ಇದೆ, ಅಷ್ಟು ಸಾಕು.

ಈಗ ನಿಧಾನದ ವಿಷಯ

ದುಡ್ಡು ಬಿಚ್ಚುವ ಮೊದಲು ಟಾಸ್ಕ್ ಮ್ಯಾನೇಜರ್ ತೆಗೆಯಿರಿ. ಕಂಪ್ಯೂಟರ್ ಒದ್ದಾಡುತ್ತಿರುವ ಹೊತ್ತಿನಲ್ಲೇ ತೆಗೆಯಬೇಕು. ಪರ್ಫಾರ್ಮೆನ್ಸ್ ಟ್ಯಾಬ್‌ನಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಮೂರರ ಶೇಕಡಾ ಕಾಣುತ್ತದೆ.

ಡಿಸ್ಕ್ 100ಕ್ಕೆ ಅಂಟಿಕೊಂಡಿದೆ, ಸಿಪಿಯು 15ರಿಂದ 20ರ ಆಸುಪಾಸಿನಲ್ಲಿ ಆರಾಮಾಗಿದೆ. ಹತ್ತು ವರ್ಷ ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಅತಿ ಸಾಮಾನ್ಯವಾಗಿ ಕಾಣುವ ಚಿತ್ರ ಇದು. ಇದರ ಅರ್ಥ, ಪ್ರೊಸೆಸರ್ ಕೆಲಸವಿಲ್ಲದೆ ಕಾಯುತ್ತಿದೆ, ಹಾರ್ಡ್ ಡಿಸ್ಕ್ ಕೊಡಲಾಗದೆ ಏದುಸಿರು ಬಿಡುತ್ತಿದೆ. ಲ್ಯಾಪ್‌ಟಾಪ್ ಹಾರ್ಡ್ ಡಿಸ್ಕ್ ನಿಮಿಷಕ್ಕೆ 5,400 ಸುತ್ತು ತಿರುಗುವ ತಟ್ಟೆ. ಅದರ ಮೇಲೆ ಅಲ್ಲಲ್ಲಿ ಚದುರಿದ ಸಣ್ಣ ಸಣ್ಣ ಫೈಲ್ ಓದಲು ಮುಳ್ಳು ಪ್ರತಿ ಸಲ ಜಾಗ ಬದಲಿಸಬೇಕು. ಸೆಕೆಂಡಿಗೆ ನೂರರ ಆಸುಪಾಸು ಓದುವಷ್ಟರಲ್ಲಿ ಅದರ ಶಕ್ತಿ ಮುಗಿಯುತ್ತದೆ. ಹಾರ್ಡ್ ಡಿಸ್ಕ್ ಬದಲು ಹಾಕುವ, ಫೈಲ್‌ಗಳನ್ನು ಚಿಪ್‌ನಲ್ಲೇ ಇಡುವ ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಮುಳ್ಳೂ ಇಲ್ಲ. ಸಾಧಾರಣ ಎಸ್‌ಎಸ್‌ಡಿ ಕೂಡ ಸೆಕೆಂಡಿಗೆ ಹತ್ತಾರು ಸಾವಿರ ಸಲ ಓದುತ್ತದೆ. ವಿಂಡೋಸ್ ಏಳುವುದು, ಬ್ರೌಸರ್ ತೆರೆಯುವುದು ಎಲ್ಲವೂ ಇಂಥ ಸಣ್ಣ ಓದುಗಳೇ. ಅದಕ್ಕೇ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದ ಕಂಪ್ಯೂಟರ್ ಬೇರೆಯದೇ ಅನ್ನಿಸುತ್ತದೆ. ಹಳೇ ಲ್ಯಾಪ್‌ಟಾಪ್‌ಗೆ ಒಂದೇ ಒಂದು ಖರ್ಚು ಮಾಡುವುದಾದರೆ ಇದನ್ನೇ ಮಾಡಿ.

ಮೆಮೊರಿ 90 ದಾಟಿದೆಯಾ? ಆಗಲೂ ಡಿಸ್ಕ್ 100 ಆಗಿರಬಹುದು, ಯಾಕೆಂದರೆ ರ‍್ಯಾಮ್ ತುಂಬಿದಾಗ ವಿಂಡೋಸ್ ಡಿಸ್ಕನ್ನೇ ರ‍್ಯಾಮ್ ಥರ ಬಳಸುತ್ತದೆ. ಬ್ರೌಸರ್ ಮುಚ್ಚಿ ನೋಡಿ. ಮೆಮೊರಿ 50ರ ಹತ್ತಿರ ಇಳಿದರೂ ಡಿಸ್ಕ್ ಇಳಿಯದಿದ್ದರೆ ಎಸ್‌ಎಸ್‌ಡಿ ಮೊದಲು. ಎರಡೂ ಒಟ್ಟಿಗೇ ಇಳಿದರೆ ರ‍್ಯಾಮ್ ಕೂಡ ಬೇಕು. 4 ಜಿಬಿ ಇದ್ದರೆ 8ಕ್ಕೆ ಏರಿಸಿದಾಗ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಬ್ರೌಸರ್, ವರ್ಡ್, ವಾಟ್ಸಾಪ್ ಮಾತ್ರ ಬಳಸುವವರಿಗೆ 8ರಿಂದ 16ಕ್ಕೆ ಹೋದರೆ ಅಷ್ಟಾಗಿ ಗೊತ್ತಾಗುವುದಿಲ್ಲ. ದುಡ್ಡು ಹಾಕುವ ಮೊದಲು ಕ್ರೋಮ್‌ನ ಮೆಮೊರಿ ಸೇವರ್ ಅಥವಾ ಎಡ್ಜ್‌ನ ಸ್ಲೀಪಿಂಗ್ ಟ್ಯಾಬ್ಸ್ ಆನ್ ಮಾಡಿ ನೋಡಿ. ನೀವು ನೋಡದ ಟ್ಯಾಬ್‌ಗಳನ್ನು ಅವು ಮಲಗಿಸುತ್ತವೆ.

ಸಿಪಿಯು 100 ಇದ್ದರೆ ಪ್ರೊಸೆಸಸ್ ಟ್ಯಾಬ್‌ನಲ್ಲಿ ಯಾರು ತಿನ್ನುತ್ತಿದ್ದಾರೆ ನೋಡಿ. ಗೊತ್ತಿಲ್ಲದ ಹೆಸರಾದರೆ ಮಾಲ್‌ವೇರ್ ಸ್ಕ್ಯಾನ್ ಮಾಡಿ. ಆನ್ ಮಾಡಿದಾಗ ಚೆನ್ನಾಗಿದ್ದು, ಕಾಲು ಗಂಟೆ ಕಳೆದ ಮೇಲೆ ಫ್ಯಾನ್ ಜೋರಾಗಿ, ಆಮೇಲೆ ನಿಧಾನ ಆಗುತ್ತದೆ ಅಂದರೆ ಅದು ಬಿಸಿಯ ತೊಂದರೆ. ಒಳಗೆ ಧೂಳು ಕಟ್ಟಿದೆ, ಪ್ರೊಸೆಸರ್‌ನ ಬಿಸಿ ಹೊರಗೆ ಸಾಗಿಸುವ ಥರ್ಮಲ್ ಪೇಸ್ಟ್ ಒಣಗಿದೆ. ಬಿಸಿ ಮಿತಿ ಮೀರಿದಾಗ ಪ್ರೊಸೆಸರ್ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಸರ್ವೀಸ್ ಅಂಗಡಿಯಲ್ಲಿ ಕ್ಲೀನ್ ಮಾಡಿಸಿ ಪೇಸ್ಟ್ ಹಾಕಿಸಿದರೆ ಸರಿಹೋಗುತ್ತದೆ. ರಸ್ತೆ ಪಕ್ಕದ ಅಂಗಡಿಗಳ ಕಂಪ್ಯೂಟರ್‌ನಲ್ಲಿ ಇದು ಜಾಸ್ತಿ.

ಇದೆಲ್ಲದಕ್ಕೂ ಮೊದಲು ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಟ್ಯಾಬ್‌ಗೆ ಹೋಗಿ ಬೇಡದ್ದನ್ನು ಡಿಸೇಬಲ್ ಮಾಡುವುದು ಉಚಿತ, ಎರಡು ನಿಮಿಷದ ಕೆಲಸ. ಸಿ ಡ್ರೈವ್‌ನಲ್ಲಿ ಒಂದಷ್ಟು ಜಾಗ ಖಾಲಿ ಇರಲಿ. ಅನಿಮೇಶನ್ ಆಫ್ ಮಾಡುವುದು, ವಾಲ್‌ಪೇಪರ್ ತೆಗೆಯುವುದು ಇವುಗಳಿಂದ ಲಾಭ ಅತ್ಯಲ್ಪ.

ಎಸ್‌ಎಸ್‌ಡಿ, ರ‍್ಯಾಮ್ ಕೊಳ್ಳುವಾಗ

2012ರ ನಂತರದ ಸಾಧಾರಣ ಲ್ಯಾಪ್‌ಟಾಪ್ ಆದರೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾರ್ಡ್ ಡಿಸ್ಕ್ ಇದ್ದ ಜಾಗದಲ್ಲೇ ಕೂರುತ್ತದೆ. ಹೊಸ ಥರದ ಎಂ.2 ಸ್ಲಾಟ್ ಇದ್ದರೆ ಅದು ಸಾಟಾ ಬಗೆಯದಾ, ಎನ್‌ವಿಎಂಇ ಬಗೆಯದಾ ಅಂತ ಮಾಡೆಲ್ ನಂಬರ್ ಹಾಕಿ ಖಚಿತಪಡಿಸಿಕೊಳ್ಳಿ. ಎರಡೂ ನೋಡಲು ಒಂದೇ ಥರ, ಆದರೆ ಒಂದರ ಬದಲು ಇನ್ನೊಂದು ಓಡದೆ ಇರಬಹುದು. ಅಳತೆ 240 ಅಥವಾ 256 ಜಿಬಿ ಮನೆ ಬಳಕೆಗೆ ಸಾಕು. 120ರದ್ದು ಅಗ್ಗಕ್ಕೆ ಸಿಗುತ್ತದೆ ಅಂತ ತೆಗೆದುಕೊಳ್ಳಬೇಡಿ, ವಿಂಡೋಸ್ ಅಪ್‌ಡೇಟ್‌ಗಳೇ ಅದನ್ನು ತುಂಬಿಸುತ್ತವೆ. ಹೆಸರೇ ಕೇಳದ ಬ್ರ್ಯಾಂಡ್‌ಗಿಂತ ಮೂರರಿಂದ ಐದು ವರ್ಷ ವಾರಂಟಿ ಇರುವ ಗೊತ್ತಿರುವ ಬ್ರ್ಯಾಂಡ್ ಮೇಲು.

ರ‍್ಯಾಮ್‌ನಲ್ಲಿ ಡಿಡಿಆರ್3, ಡಿಡಿಆರ್3ಎಲ್, ಡಿಡಿಆರ್4 ಬೇರೆ ಬೇರೆ. 3 ಮತ್ತು 4ರ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಕೂರುವುದೇ ಇಲ್ಲ. 3 ಮತ್ತು 3ಎಲ್ ಕೂರುತ್ತವೆ, ಆದರೆ ಮೊದಲನೆಯದು 1.5 ವೋಲ್ಟ್‌ನದು, ಎರಡನೆಯದು 1.35 ವೋಲ್ಟ್‌ನದು. 3ಎಲ್ ಮಾತ್ರ ಒಪ್ಪುವ ಲ್ಯಾಪ್‌ಟಾಪ್‌ಗೆ ಇನ್ನೊಂದು ಹಾಕಿದರೆ ಆನ್ ಆಗುವುದೇ ಇಲ್ಲ. ಸಿಪಿಯು-ಝಡ್ ಅನ್ನುವ ಉಚಿತ ಆ್ಯಪ್‌ನಲ್ಲಿ ನಿಮ್ಮದು ಯಾವುದು ಅಂತ ಗೊತ್ತಾಗುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಎಷ್ಟು ಸ್ಲಾಟ್ ಖಾಲಿ ಇದೆ ಅನ್ನುವುದೂ ಕಾಣುತ್ತದೆ. ಹಳೇ ರ‍್ಯಾಮ್ ಬಿಚ್ಚಿಕೊಂಡೇ ಅಂಗಡಿಗೆ ಹೋದರೆ ಇನ್ನೂ ಒಳ್ಳೇದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೇ ಡಿಡಿಆರ್3 ಕೂಡ ಸಿಗುತ್ತದೆ. ಎರಡು ಮೂರು ಅಂಗಡಿ ಕೇಳಿ, ಬಿಲ್ ತೆಗೆದುಕೊಳ್ಳಿ. ವಿಂಡೋಸ್ 32-ಬಿಟ್ ಇದ್ದರೆ 4 ಜಿಬಿ ಮೇಲೆ ಎಷ್ಟು ಹಾಕಿದರೂ ಉಪಯೋಗಕ್ಕೆ ಬರುವುದಿಲ್ಲ. ಮೊದಲು 64-ಬಿಟ್ ಹಾಕಬೇಕು.

ಬರೀ ಫಾರ್ಮ್ಯಾಟ್ ಮಾಡಿಸಿದರೆ ಸಾಲದಾ? ಹಾರ್ಡ್ ಡಿಸ್ಕ್ ಅದೇ ಇದ್ದರೆ ಕೆಲವು ತಿಂಗಳು ಚುರುಕು, ಮತ್ತೆ ಅದೇ ಕಥೆ. ಆಡ್‌ವೇರ್ ಯಾವ ಕ್ಲೀನರ್‌ಗೂ ಬಗ್ಗದಿದ್ದಾಗ ಮಾತ್ರ ಫಾರ್ಮ್ಯಾಟ್ ಸರಿಯಾದ ದಾರಿ. ಹಾಗಿದ್ದರೂ ಎಸ್‌ಎಸ್‌ಡಿ ಹಾಕುವಾಗಲೇ ಹೊಸದಾಗಿ ವಿಂಡೋಸ್ ಹಾಕಿಸಿ, ಎರಡು ಕೆಲಸ ಒಮ್ಮೆಗೇ ಮುಗಿಯುತ್ತದೆ. ಇರುವುದನ್ನು ಹಾಗೇ ಕ್ಲೋನ್ ಮಾಡಿದರೆ ಸಾಫ್ಟ್‌ವೇರ್ ಮತ್ತೆ ಹಾಕುವ ಕೆಲಸ ತಪ್ಪುತ್ತದೆ, ಆದರೆ ಆಡ್‌ವೇರೂ ಜೊತೆಗೇ ಬರುತ್ತದೆ. ಅಂಗಡಿಯವರಿಗೆ ಕೊಡುವ ಮೊದಲು ಫೋಟೋ, ಫೈಲ್ ಬ್ಯಾಕಪ್ ತೆಗೆದುಕೊಳ್ಳಿ. ಆ್ಯಕ್ಟಿವೇಟರ್ ಹಾಕಿ ಕ್ರ್ಯಾಕ್ ವಿಂಡೋಸ್ ಕೊಡಬೇಡಿ ಅಂತ ಬಾಯಿಬಿಟ್ಟು ಹೇಳಿ. ಅಸಲಿ ಲೈಸೆನ್ಸ್ ಜೊತೆ ಬಂದ ಲ್ಯಾಪ್‌ಟಾಪ್‌ನಲ್ಲಿ ಅದೇ ಆವೃತ್ತಿ ಮತ್ತೆ ಹಾಕಿದರೆ ಸಾಮಾನ್ಯವಾಗಿ ತಾನಾಗೇ ಆ್ಯಕ್ಟಿವೇಟ್ ಆಗುತ್ತದೆ.

ವಿಂಡೋಸ್ 10, 11, ಲಿನಕ್ಸ್: ಹಳೇದಕ್ಕೆ ಯಾವುದು?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆ ಬಳಕೆದಾರರಿಗೆ ಸೆಕ್ಯುರಿಟಿ ಅಪ್‌ಡೇಟ್ ಅನ್ನು 2026ರ ಅಕ್ಟೋಬರ್ 13ರವರೆಗೆ ವಿಸ್ತರಿಸುವ ಯೋಜನೆ ಕೊಟ್ಟಿತು. ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆಗಿ ಸೆಟ್ಟಿಂಗ್ ಬ್ಯಾಕಪ್ ಆನ್ ಮಾಡಿದರೆ ಅದು ಉಚಿತ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಹೆಚ್ಚುಕಮ್ಮಿ 8ನೇ ತಲೆಮಾರಿನ ಮೇಲಿನ ಪ್ರೊಸೆಸರ್ ಬೇಕು. ಪಿಸಿ ಹೆಲ್ತ್ ಚೆಕ್ ಆ್ಯಪ್ ನಿಮ್ಮದು ಆಗುತ್ತದಾ ಅಂತ ಹೇಳುತ್ತದೆ. ಆಗದ ಯಂತ್ರಕ್ಕೂ ಅಡ್ಡದಾರಿಯಲ್ಲಿ 11 ಹಾಕಿಕೊಡುವವರಿದ್ದಾರೆ. ಮುಂದಿನ ಅಪ್‌ಡೇಟ್ ಬರುವ ಖಾತ್ರಿ ಇಲ್ಲದ್ದರಿಂದ ನಾನು ಅದನ್ನು ಸೂಚಿಸುವುದಿಲ್ಲ. ಕೋರ್ 2 ಡ್ಯುಯೋ ಕಾಲದ ಯಂತ್ರದಲ್ಲಂತೂ 11ರ 24ಎಚ್2 ಆವೃತ್ತಿ ಏಳುವುದೇ ಇಲ್ಲ. ವಿಂಡೋಸ್ 7ರಲ್ಲೇ ಇರುವವರಿಗೆ ಕ್ರೋಮ್ 109ನೇ ಆವೃತ್ತಿಯೇ ಕೊನೆ. ಅಂಥ ಕಂಪ್ಯೂಟರ್‌ನಲ್ಲಿ ಬ್ಯಾಂಕ್ ವ್ಯವಹಾರ ಬೇಡವೇ ಬೇಡ.

ಉಳಿಯುವುದು ವಿಂಡೋಸ್ ಬದಲು ಹಾಕಬಹುದಾದ ಇನ್ನೊಂದು ಆಪರೇಟಿಂಗ್ ಸಿಸ್ಟಮ್, ಲಿನಕ್ಸ್ ಮಿಂಟ್. ಅದರ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ, ಉಚಿತ, ವಿಂಡೋಸ್ ಬಳಸಿದವರಿಗೆ ಹೊಸದು ಅನ್ನಿಸುವುದಿಲ್ಲ. ಕನಿಷ್ಠ 2 ಜಿಬಿ ರ‍್ಯಾಮ್ ಸಾಕು, 4 ಇದ್ದರೆ ಆರಾಮ. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ. ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು, ಹಾರ್ಡ್ ಡಿಸ್ಕ್ ಮುಟ್ಟುವುದಿಲ್ಲ. ಹಾಗೆ ನೋಡುವಾಗ ವೈಫೈ, ಶಬ್ದ, ಪ್ರಿಂಟರ್ ಮೂರನ್ನೂ ಪರೀಕ್ಷಿಸಿ. ನಮ್ಮ ಕಡೆ ಮೇಜು ಮೇಜಿನ ಮೇಲೂ ಕಾಣುವ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್ ಲಿನಕ್ಸ್‌ಗೆ ಒಗ್ಗುವುದು ಕಷ್ಟ.

ಕನ್ನಡದಲ್ಲಿ ಕೆಲಸ ಮಾಡುವವರು ಇಲ್ಲಿ ನಿಂತು ಯೋಚಿಸಬೇಕು. ಯೂನಿಕೋಡ್ ಕನ್ನಡ ಟೈಪ್ ಮಾಡಲು ಲಿನಕ್ಸ್‌ನಲ್ಲಿ ತೊಂದರೆ ಇಲ್ಲ. ಐಬಸ್ ಅನ್ನುವ ಅದರ ಟೈಪಿಂಗ್ ತಂತ್ರಾಂಶದಲ್ಲಿ ಕೆಜಿಪಿ ಕೀಲಿಮಣೆ ಸಿಗುತ್ತದೆ, ನುಡಿಯಲ್ಲಿ ಪಳಗಿದ ಬೆರಳಿಗೆ ಅದೇ ವಿನ್ಯಾಸ. ಆದರೆ ನುಡಿ, ಬರಹ ತಂತ್ರಾಂಶಗಳು ವಿಂಡೋಸ್‌ನವು. ಯೂನಿಕೋಡ್ ಅಲ್ಲದ ಹಳೇ ಆಸ್ಕಿ ಫಾಂಟಿನಲ್ಲಿ ಮಾಡಿದ ಲಗ್ನಪತ್ರಿಕೆ, ಪ್ರಶ್ನೆಪತ್ರಿಕೆ, ಪೇಜ್‌ಮೇಕರ್ ಪುಟಗಳನ್ನು ಈಗಲೂ ತಿದ್ದುವ ಡಿಟಿಪಿಯವರು, ಟ್ಯಾಲಿ ಬಳಸುವ ಅಂಗಡಿಯವರು ವಿಂಡೋಸ್‌ನಲ್ಲೇ ಇರುವುದು ಒಳ್ಳೇದು. ಬ್ರೌಸರ್, ಯೂಟ್ಯೂಬ್, ಮಕ್ಕಳ ಓದು, ಸ್ವಲ್ಪ ಲಿಬ್ರೆಆಫೀಸ್ ಇಷ್ಟೇ ಬೇಕಾದವರು ಧೈರ್ಯವಾಗಿ ಮಿಂಟ್ ಹಾಕಿಕೊಳ್ಳಬಹುದು. ಬರೀ ಬ್ರೌಸರ್ ಸಾಕು ಅನ್ನುವವರಿಗೆ ಗೂಗಲ್‌ನ ಕ್ರೋಮ್ ಓಎಸ್ ಫ್ಲೆಕ್ಸ್ ಕೂಡ ಇದೆ. 4 ಜಿಬಿ ರ‍್ಯಾಮ್ ಬೇಕು, ಆ್ಯಂಡ್ರಾಯ್ಡ್ ಆ್ಯಪ್‌ಗಳು ಅದರಲ್ಲಿ ಬರುವುದಿಲ್ಲ. ನನಗೆ ಮಿಂಟ್ ಮೇಲೆ ಒಲವು, ಯಾಕೆಂದರೆ ಇಂಟರ್ನೆಟ್ ಇಲ್ಲದಾಗಲೂ ಅದರಲ್ಲಿ ಮಾಡಲು ಕೆಲಸ ಇರುತ್ತದೆ.

ಎಸ್‌ಎಸ್‌ಡಿ ಹಾಕಿಸಿದಾಗ ಹಳೇ ಹಾರ್ಡ್ ಡಿಸ್ಕ್ ಅಂಗಡಿಯಲ್ಲೇ ಬಿಟ್ಟು ಬರಬೇಡಿ, ಅದರಲ್ಲಿ ನಿಮ್ಮ ಆಧಾರ್ ಪ್ರತಿ, ಫೋಟೋ ಎಲ್ಲ ಇರುತ್ತವೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಆ್ಯಪ್‌ನಲ್ಲಿ ಅದರ ಆರೋಗ್ಯ ನೋಡಿ. ಗುಡ್ ಅಂತ ತೋರಿಸಿದರೆ ಯುಎಸ್‌ಬಿ ಕೇಸಿಂಗ್‌ಗೆ ಹಾಕಿ ಬ್ಯಾಕಪ್‌ಗೆ ಬಳಸಿ, ಆದರೆ ಮದುವೆ ಫೋಟೋಗಳ ಒಂದೇ ಪ್ರತಿಯನ್ನು ಅದರಲ್ಲಿಡಬೇಡಿ. ಕಾಷನ್ ಅಂತ ತೋರಿಸಿದರೆ ಬೇಕಾದ್ದನ್ನು ಅವತ್ತೇ ಕಾಪಿ ಮಾಡಿಕೊಂಡು ಪಕ್ಕಕ್ಕಿಡಿ.